ಮಾನ್ವಿಯ ರಾಡಿ, ಬಂಗಾಳ ಕೊಲ್ಲಿಯ ತಳ: ಕೆಸರಿನ ಸಂದಿ ನೀರಿನಲ್ಲಿ ಏನಿದೆ?

ರಾಯಚೂರಿನಿಂದ ಮಾತಾಡ್ತಿದ್ದೀನಿ. ಮೈಕಿಗೆ ಸದ್ದು ಬೀಳಬಾರದು ಅಂತ ಫ್ಯಾನ್ ಆಫ್ ಮಾಡಿದ್ದೀನಿ, ನಮ್ಮೂರಿನ ಬಿಸಿಲು ನಿಮಗೆ ಗೊತ್ತಲ್ಲ, ಹಾಗಾಗಿ ಪೀಠಿಕೆ ಬೇಡ.

ಈ ಎಪಿಸೋಡ್ ಹುಟ್ಟಿದ್ದು ನನ್ನ ಒಂದು ತಪ್ಪಿನಿಂದ. 2023ರಲ್ಲಿ ಭತ್ತದ ಹುಲ್ಲು ಸುಡಬೇಡಿ ಅಂತ ಒಂದು ಎಪಿಸೋಡ್ ಮಾಡಿದ್ದೆ. ಹೊಗೆ, ಮಣ್ಣಿನ ಸತ್ವ, ಎಲ್ಲಾ ಹೇಳಿದ್ದೆ. ಕೇಳಿದವರು ಎಷ್ಟು ಜನ ಪಾಲಿಸಿದರೋ ಗೊತ್ತಿಲ್ಲ, ಒಬ್ಬರು ಮಾತ್ರ ಖಂಡಿತ ಪಾಲಿಸಿದರು: ಮಾನ್ವಿ ಹತ್ತಿರ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನಾಲ್ಕು ಎಕರೆ ಭತ್ತ ಹಾಕುವ ನಮ್ಮ ದೊಡ್ಡಪ್ಪ. ಬೇಸಿಗೆ ಬೆಳೆಯ ಹುಲ್ಲನ್ನ ಸುಡದೆ ಹಾಗೇ ಬಿಟ್ಟರು. ಅದು ಬರದ ವರ್ಷ. ಕಾಲುವೆಗೆ ನೀರು ಬಂತು ಅಂದ ಕೂಡಲೇ, ಯಾವಾಗ ನಿಲ್ಲಿಸ್ತಾರೋ ಅನ್ನೋ ಭಯಕ್ಕೆ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕಿ ಹುಲ್ಲನ್ನೆಲ್ಲ ರಾಡಿಯೊಳಗೆ ತುಳಿಸಿ, ಆರನೇ ದಿನಕ್ಕೆ ನಾಟಿ ಮುಗಿಸಿದರು.

ಮೂರನೇ ವಾರಕ್ಕೆ ಫೋನ್ ಬಂತು. "ತಮ್ಮಾ, ನಿನ್ನ ಮಾತು ಕೇಳಿ ಕೆಟ್ಟೆ ನೋಡು. ಪಕ್ಕದ ಗದ್ದಿ ಹಸರಾಗೇತಿ, ನಮ್ದು ಹಳದಿ ಹೊಡದೈತಿ."

ಹೋಗಿ ನೋಡಿದೆ. ಸಸಿ ಹಳದಿ, ಬೆಳವಣಿಗೆ ನಿಂತುಬಿಟ್ಟಿದೆ. ಒಂದು ಬುಡ ಕಿತ್ತರೆ ಬೇರು ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಕಾಲಿಟ್ಟ ಕಡೆಯೆಲ್ಲ ಬುಳುಬುಳು ಅಂತ ಗುಳ್ಳೆ. ನಮ್ಮ ಅಣ್ಣ, ಅಂದ್ರೆ ದೊಡ್ಡಪ್ಪನ ಮಗ, ನೀರಿನ ಬಾಟಲಿಯನ್ನ ತಲೆಕೆಳಗೆ ಹಿಡಿದು ಆ ಗುಳ್ಳೆ ತುಂಬಿಸಿ ಲೈಟರ್ ಹಿಡಿದ. ಭಪ್ ಅಂತ ನೀಲಿ ಬೆಂಕಿ. (ಮನೆಯಲ್ಲಿ ಮಾಡಬೇಡಿ. ಗದ್ದೆಯಲ್ಲೂ ಮಾಡಬೇಡಿ.) ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1776ರಲ್ಲಿ ಮಜೋರೆ ಸರೋವರದ ದಂಡೆಯ ಕೆಸರನ್ನ ಕೋಲಿನಿಂದ ಕೆದಕಿ ಇದೇ ಗ್ಯಾಸ್ ಹಿಡಿದಿದ್ದ. ನಾವೀಗ ಮೀಥೇನ್ ಅನ್ನೋದು ಅದನ್ನೇ.

ಅವತ್ತು ನನ್ನ ತಲೆಗೆ ಹೊಕ್ಕ ಪ್ರಶ್ನೆ: ಈ ರಾಡಿಯೊಳಗಿನ ನೀರಿನಲ್ಲಿ ಅಸಲಿಗೆ ಏನಿದೆ? ನಾನು ಬಿಕಾಂ ಓದಿದವನು, ಕೆಮಿಸ್ಟ್ರಿ ಪಿಯುಸಿಗಿಂತ ಮೊದಲೇ ಕೈಬಿಟ್ಟಿತ್ತು. ಹುಡುಕ್ತಾ ಹೋದರೆ ಈ ಪ್ರಶ್ನೆಗೆ ತುಂಬ ಚೆನ್ನಾಗಿ ಉತ್ತರ ಬರೆದಿಟ್ಟವರು ಭತ್ತದ ವಿಜ್ಞಾನಿಗಳ ಜೊತೆಗೆ ಇನ್ನೊಂದು ಗುಂಪು ಅಂತ ಗೊತ್ತಾಯ್ತು: ಸಮುದ್ರದ ತಳದ ಕೆಸರನ್ನ ಹಿಂಡಿ ನೀರು ತೆಗೆಯುವವರು. ಅದರಲ್ಲಿ ಒಂದು ಜಾಗ ನಮಗೆ ನೇರ ಸಂಬಂಧ ಇರೋದು. ಕೃಷ್ಣಾ ನದಿ ದೇವದುರ್ಗದ ಅಂಚಿನಿಂದ ಹರಿದು, ಮುಂದೆ ಭೀಮೆಯನ್ನ ಕೂಡಿಕೊಂಡು, ಶಕ್ತಿನಗರ ದಾಟಿ ಎಲ್ಲಿಗೆ ಹೋಗುತ್ತೋ, ಅಲ್ಲಿ.

ಮೊದಲು ಈ ನೀರು ಅಂದ್ರೆ ಏನು ಅಂತ ನೋಡೋಣ. ಕೆಸರು ಅಂದ್ರೆ ಬರೀ ಮಣ್ಣಲ್ಲ. ಸಮುದ್ರದ ತಳಕ್ಕೆ ಹೊಸದಾಗಿ ಕೂತ ಮೆತ್ತನೆ ಕೆಸರಿನಲ್ಲಿ ಮುಕ್ಕಾಲು ಪಾಲು ನೀರೇ ಇರಬಹುದು. ಕಣ ಕಣದ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿರುವ ಈ ನೀರನ್ನ ಪೋರ್ ವಾಟರ್ ಅಂತಾರೆ. ನಾನು ಸಂದಿ ನೀರು ಅಂತೀನಿ. ಮೇಲೆ ನಿಂತ ನೀರು ಬೇರೆ, ಸಂದಿ ನೀರು ಬೇರೆ. ಮೇಲಿನದು ಗಾಳಿ ಜೊತೆ, ಅಲೆ ಜೊತೆ ಬೆರೆಯುತ್ತೆ. ಸಂದಿ ನೀರು ಹೆಚ್ಚುಕಮ್ಮಿ ಕೂಡಿಹಾಕಿದ ಹಾಗೆ ಕೂತಿರುತ್ತೆ. ಕೆಸರಿನೊಳಗೆ ಸೂಕ್ಷ್ಮಜೀವಿಗಳು ಏನು ತಿಂದವು, ಏನು ಉಗುಳಿದವು ಅನ್ನೋದೆಲ್ಲ ಅದರಲ್ಲಿ ಕರಗಿ ಉಳಿಯುತ್ತೆ. ಬ್ಯಾಂಕಿನ ಪಾಸ್‌ಬುಕ್ ನೋಡಿ ಒಬ್ಬನ ಜೀವನ ಹೇಳೋ ಹಾಗೆ, ಸಂದಿ ನೀರು ನೋಡಿ ಕೆಸರಿನ ಜೀವನ ಹೇಳಬಹುದು.

ತೆಗೆಯೋದು ಹೇಗೆ? ಹಡಗಿನಿಂದ ಉದ್ದನೆ ಪೈಪ್ ಇಳಿಸಿ ತಳದ ಕೆಸರನ್ನ ಕೊಳವೆ ಕೊಳವೆಯಾಗಿ ಮೇಲೆ ತರ್ತಾರೆ. ಅದನ್ನ ಗುಂಡಗೆ ತುಂಡು ಮಾಡಿ, ಡ್ರಿಲ್ಲಿಂಗ್ ಸಮಯದಲ್ಲಿ ಮೇಲಿನ ಸಮುದ್ರದ ನೀರು ತಾಕಿರುವ ಹೊರಭಾಗವನ್ನ ಕೆರೆದು ಬಿಸಾಕಿ, ಉಳಿದದ್ದನ್ನ ಟೈಟಾನಿಯಂ ಪಾತ್ರೆಯಲ್ಲಿ ಇಟ್ಟು ಹೈಡ್ರಾಲಿಕ್ ಪ್ರೆಸ್‌ನಿಂದ ಹಿಂಡ್ತಾರೆ. ಕಬ್ಬಿನ ಹಾಲು ತೆಗೆಯೋ ಹಾಗೆ, ಆದರೆ ಹನಿ ಹನಿಯಾಗಿ, ಗಂಟೆಗಟ್ಟಲೆ. ಸಣ್ಣ ಪ್ರಮಾಣಕ್ಕೆ ಇನ್ನೊಂದು ಸುಲಭದ ಸಾಧನ ಇದೆ: ಪೆನ್ನಿನ ರೀಫಿಲ್ ಥರದ, ಮೈತುಂಬ ಕಣ್ಣಿಗೆ ಕಾಣದ ರಂಧ್ರ ಇರುವ ಕಡ್ಡಿ. ಕೆಸರಿಗೆ ಚುಚ್ಚಿ, ಹಿಂದೆ ಸಿರಿಂಜ್ ಸಿಕ್ಕಿಸಿ ಎಳೆದಿಟ್ಟರೆ ಸ್ವಚ್ಛ ನೀರು ತಾನಾಗೇ ಜಿನುಗಿ ಬರುತ್ತೆ. ಮಣ್ಣು ವಿಜ್ಞಾನ ಓದ್ತಿರೋ ಗೆಳೆಯನೊಬ್ಬ ಇದನ್ನ ತಂದು ದೊಡ್ಡಪ್ಪನ ಗದ್ದೆಯಲ್ಲಿ ಚುಚ್ಚಿ ತೋರಿಸಿದ. ಸಿರಿಂಜಿನೊಳಗೆ ಬಂದ ನೀರು ತೆಳು ಚಹಾದ ಬಣ್ಣ. ದೊಡ್ಡಪ್ಪ ಕೈಯಲ್ಲಿ ಹಿಡ್ಕೊಂಡು ಬಿಸಿಲಿಗೆ ಎತ್ತಿ ನೋಡಿ, "ಇದು ನನ್ನ ಹುಲ್ಲಿನ ಕಷಾಯ" ಅಂದರು.

ಎಷ್ಟು ಕರೆಕ್ಟ್ ಆಗಿ ಹೇಳಿದರು ನೋಡಿ. ಆ ಬಣ್ಣವೇ ಇವತ್ತಿನ ವಿಷಯ: ಕರಗಿದ ಸಾವಯವ ಸಂಯುಕ್ತಗಳು. ಹುಲ್ಲಾಗಲಿ, ಸಮುದ್ರದಲ್ಲಿ ಸತ್ತ ಪಾಚಿಯಾಗಲಿ, ಸೂಕ್ಷ್ಮಜೀವಿಗೆ ಇಡಿಯಾಗಿ ನುಂಗಲಿಕ್ಕೆ ಬಾಯಿಲ್ಲ. ಅವು ಹೊರಗಡೆಗೇ ಕಿಣ್ವ ಸುರಿದು ದೊಡ್ಡ ದೊಡ್ಡ ಅಣುಗಳನ್ನ ಕತ್ತರಿಸ್ತವೆ. ಸೆಲ್ಯುಲೋಸ್ ಕತ್ತರಿಸಿದರೆ ಸಕ್ಕರೆ, ಪ್ರೊಟೀನ್ ಕತ್ತರಿಸಿದರೆ ಅಮೈನೊ ಆಮ್ಲ. ಅದನ್ನ ಹುದುಗಿಸಿದರೆ ಅಸಿಟೇಟ್, ಅಂದ್ರೆ ವಿನಿಗರ್‌ನ ಬಳಗ, ಜೊತೆಗೆ ಹೈಡ್ರೋಜನ್. ಈ ತುಂಡುಗಳೆಲ್ಲ ಸಂದಿ ನೀರಿಗೆ ಬಂದು, ಅಲ್ಲಿಂದ ಇನ್ನೊಂದು ಜೀವಿಯ ಬಾಯಿಗೆ ಹೋಗುತ್ತವೆ. ಘನ ಕೊಳೆತ ವಸ್ತು ಒಂದು ಕಡೆ, ಕೊನೆಗೆ ಬರುವ ಗ್ಯಾಸ್ ಇನ್ನೊಂದು ಕಡೆ. ನಡುವಿನ ವ್ಯಾಪಾರವೆಲ್ಲ ಈ ಕರಗಿದ ರೂಪದಲ್ಲೇ ನಡೆಯೋದು.

ಈಗ ವ್ಯಾಪಾರದ ಮಾತು ಬಂತು, ನನ್ನ ಏರಿಯಾ. ರಾಯಚೂರಿನ ಹತ್ತಿ ಮಾರ್ಕೆಟ್ ನೆನಪು ಮಾಡ್ಕೊಳ್ಳಿ. ಒಳ್ಳೆ ರೇಟ್ ಕೊಡೋ ಖರೀದಿದಾರ ಇರೋವರೆಗೆ ಮಾಲು ಅವನಿಗೇ ಹೋಗುತ್ತೆ. ಅವನ ಕೈ ಖಾಲಿ ಆದಮೇಲೆ ಎರಡನೇ ರೇಟಿನವನು, ಆಮೇಲೆ ಮೂರನೆಯವನು. ಸೂಕ್ಷ್ಮಜೀವಿಗಳೂ ಹೀಗೇ. ಆಹಾರ ಸುಟ್ಟು ಶಕ್ತಿ ಪಡೀಬೇಕಾದರೆ ಎಲೆಕ್ಟ್ರಾನ್‌ಗಳನ್ನ ಯಾರಿಗಾದರೂ ಮಾರಲೇಬೇಕು. ಅತಿ ಹೆಚ್ಚು ರೇಟ್ ಕೊಡೋದು ಆಮ್ಲಜನಕ. ಅದು ಮುಗಿದರೆ ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಆಮೇಲೆ ತುಕ್ಕಿನ ರೂಪದ ಕಬ್ಬಿಣ, ಆಮೇಲೆ ಸಲ್ಫೇಟ್. ಯಾರೂ ಉಳಿಯದಿದ್ದಾಗ ಕೊನೆಗೆ ಮೀಥೇನ್ ಮಾಡೋ ಆರ್ಕಿಯಾ ಅನ್ನೋ ಜೀವಿಗಳು ಅಂಗಡಿ ತೆಗೀತವೆ, ಅತಿ ಕಡಿಮೆ ಲಾಭಕ್ಕೆ. ಗದ್ದೆಗೆ ನೀರು ನಿಲ್ಲಿಸಿದಾಗ ಈ ಸಾಲು ದಿನಗಳ ಲೆಕ್ಕದಲ್ಲಿ ಮುಗಿಯುತ್ತೆ. ಸಮುದ್ರದ ತಳದಲ್ಲಿ ಅದೇ ಸಾಲು ಆಳದ ಲೆಕ್ಕದಲ್ಲಿ ಹರಡಿಕೊಂಡಿರುತ್ತೆ: ಮೇಲಿನ ಪದರದಲ್ಲಿ ಆಮ್ಲಜನಕ, ಕೆಳಗೆ ಹೋದಂತೆ ಒಂದೊಂದೇ ಖಾಲಿ. ಎಷ್ಟು ಆಳಕ್ಕೆ ಯಾವುದು ಮುಗೀತು ಅನ್ನೋದನ್ನ ಸಂದಿ ನೀರೇ ತೋರಿಸುತ್ತೆ.

ಗದ್ದೆಗೂ ಸಮುದ್ರಕ್ಕೂ ದೊಡ್ಡ ವ್ಯತ್ಯಾಸ ಇರೋದು ಸಲ್ಫೇಟ್‌ನಲ್ಲಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತೆ. ಹಾಗಾಗಿ ಸಮುದ್ರದ ಕೆಸರಿನಲ್ಲಿ ಆ ಖರೀದಿದಾರ ಬೇಗ ಮುಗಿಯೋದೇ ಇಲ್ಲ, ಮೀಥೇನ್ ಹುಟ್ಟೋದು ಬಹಳ ಕೆಳಗೆ. ಅಲ್ಲಿಂದ ಮೇಲೆ ಬರುವ ಮೀಥೇನನ್ನೂ ಸಲ್ಫೇಟ್ ಸೇರುವ ಗಡಿಯಲ್ಲೇ ಬೇರೆ ಜೀವಿಗಳು ತಿಂದು ಹಾಕ್ತವೆ, ಬಹುಪಾಲು ಅಲ್ಲೇ ಖತಂ. ಕಾಲುವೆಯ ಸಿಹಿನೀರಿನಲ್ಲಿ ಸಲ್ಫೇಟ್ ಎಷ್ಟಿರುತ್ತೆ? ಅಲ್ಪಸ್ವಲ್ಪ. ಹಾಗಾಗಿ ಗದ್ದೆಯಲ್ಲಿ ಮೀಥೇನ್ ಅಂಗಡಿ ಬೇಗ ತೆರೆಯುತ್ತೆ. ಸಾಲದ್ದಕ್ಕೆ ಭತ್ತದ ಗಿಡವೇ ಪೈಪ್‌ಲೈನ್. ಬೇರಿಗೆ ಗಾಳಿ ಇಳಿಸೋಕೆ ಅಂತ ಅದರ ಕಾಂಡದೊಳಗೆ ಟೊಳ್ಳು ದಾರಿ ಇದೆಯಲ್ಲ, ಅದೇ ದಾರಿಯಲ್ಲಿ ಮೀಥೇನ್ ಮೇಲೇರುತ್ತೆ. ಗದ್ದೆಯಿಂದ ಹೊರಡುವ ಮೀಥೇನಿನ ಹೆಚ್ಚಿನ ಪಾಲು ನಾವು ನೋಡೋ ಗುಳ್ಳೆಯಿಂದಲ್ಲ, ನೋಡದೇ ಇರೋ ಈ ದಾರಿಯಿಂದ.

ಇದರಲ್ಲಿ ಒಂದು ತಮಾಷೆ ಇದೆ. ನಮ್ಮ ಕಡೆ ಚೌಳು ಭೂಮಿಗೆ ಜಿಪ್ಸಂ ಹಾಕ್ತಾರಲ್ಲ, ಜಿಪ್ಸಂ ಅಂದ್ರೆ ಕ್ಯಾಲ್ಸಿಯಂ ಸಲ್ಫೇಟ್. ಗೊತ್ತಿಲ್ಲದೇ ಗದ್ದೆಗೆ ಒಂಚೂರು ಸಮುದ್ರದ ಗುಣ ಸೇರಿಸ್ತಿದ್ದಾರೆ. ಫಿಲಿಪ್ಪೀನ್ಸ್‌ನ ಪ್ರಯೋಗವೊಂದರಲ್ಲಿ ಹೆಕ್ಟೇರಿಗೆ ಆರು ಟನ್‌ಗೂ ಮೇಲೆ ಜಿಪ್ಸಂ ಹಾಕಿದಾಗ ಮೀಥೇನ್ ಅರ್ಧಕ್ಕಿಂತ ಕೆಳಗಿಳಿದಿತ್ತು. ಹಾಗಂತ ನಾಳೆಯೇ ಮೂಟೆ ತರಬೇಡಿ. ಸಲ್ಫೇಟ್ ತಿಂದ ಜೀವಿ ಬಿಡೋದು ಆ ಕೊಳೆತ ಮೊಟ್ಟೆ ಗ್ಯಾಸ್, ಅದು ಬೇರಿಗೆ ವಿಷ. ಮಣ್ಣಿನಲ್ಲಿ ಕಬ್ಬಿಣ ಸಾಕಷ್ಟಿದ್ದರೆ ಅದು ಹಿಡಿದಿಟ್ಟುಕೊಳ್ಳುತ್ತೆ. ಬೇರಿನ ಮೇಲಿನ ಕಪ್ಪು ಬಣ್ಣ ಅದೇ, ಐರನ್ ಸಲ್ಫೈಡ್. ಆರೋಗ್ಯವಂತ ಬೇರು ಬಿಳಿ ಇರುತ್ತೆ, ಇಲ್ಲವೇ ತುಕ್ಕಿನ ಬಣ್ಣ ಬಳಿದಂತೆ ಇರುತ್ತೆ, ಯಾಕಂದ್ರೆ ಅದು ಸುತ್ತಲಿನ ಕೆಸರಿಗೆ ಒಂಚೂರು ಆಮ್ಲಜನಕ ಸೋರಿಸ್ತಿರುತ್ತೆ.

ಈಗ ಸಮುದ್ರಕ್ಕೆ ಹೋಗೋಣ. 2006ರಲ್ಲಿ ಭಾರತದ ರಾಷ್ಟ್ರೀಯ ಗ್ಯಾಸ್ ಹೈಡ್ರೇಟ್ ಕಾರ್ಯಕ್ರಮದ ಮೊದಲ ಯಾತ್ರೆ ನಡೀತು. ಜಾಯಿಡಿಸ್ ರೆಸಲ್ಯೂಷನ್ ಅನ್ನೋ ಡ್ರಿಲ್ಲಿಂಗ್ ಹಡಗು. ನಮ್ಮ ಡೈರೆಕ್ಟೊರೇಟ್ ಜನರಲ್ ಆಫ್ ಹೈಡ್ರೋಕಾರ್ಬನ್ಸ್ ಜೊತೆ ಅಮೆರಿಕದ ಭೂವೈಜ್ಞಾನಿಕ ಸರ್ವೆಯವರು. ಒಟ್ಟು 21 ಕಡೆ ಡ್ರಿಲ್ ಮಾಡಿದರು. ಅದರಲ್ಲಿ ಮುಖ್ಯವಾದದ್ದು ಕೃಷ್ಣಾ-ಗೋದಾವರಿ ಕಣಿವೆ, ಆಂಧ್ರ ಕರಾವಳಿಯಾಚೆ. ಹತ್ತನೇ ಸೈಟಿನಲ್ಲಿ, ಸುಮಾರು ಒಂದು ಸಾವಿರ ಮೀಟರ್ ನೀರಿನ ಕೆಳಗಿನ ಕೆಸರಿನಲ್ಲಿ, 130 ಮೀಟರ್ ಹತ್ತಿರ ದಪ್ಪದ ಪದರದಲ್ಲಿ ಗ್ಯಾಸ್ ಹೈಡ್ರೇಟ್ ಸಿಕ್ತು. ಗ್ಯಾಸ್ ಹೈಡ್ರೇಟ್ ಅಂದ್ರೆ ಚಳಿ ಮತ್ತು ಒತ್ತಡಕ್ಕೆ ನೀರು ಹೆಪ್ಪುಗಟ್ಟುವಾಗ ಒಳಗೆ ಮೀಥೇನನ್ನ ಬಂಧಿಸಿಟ್ಟುಕೊಂಡ ಮಂಜುಗಡ್ಡೆ. ಒಂದು ಘನ ಮೀಟರ್ ಕರಗಿದರೆ ಸುಮಾರು 160 ಘನ ಮೀಟರ್ ಗ್ಯಾಸ್. ಕಡ್ಡಿ ಗೀರಿದರೆ ಉರಿಯುವ ಐಸ್. ಅಲ್ಲಿನ ಮೀಥೇನ್ ಬಹುಪಾಲು ಸೂಕ್ಷ್ಮಜೀವಿಗಳೇ ಮಾಡಿದ್ದು, ಅಂದ್ರೆ ನಮ್ಮ ಅಣ್ಣನ ಬಾಟಲಿಯಲ್ಲಿ ಉರಿದದ್ದರ ದೊಡ್ಡ ಬಂಧು. 2015ರಲ್ಲಿ ಜಪಾನಿನ ಚಿಕ್ಯು ಹಡಗಿನಲ್ಲಿ ಎರಡನೇ ಯಾತ್ರೆಯೂ ಆಯ್ತು.

ಕಣ್ಣಿಗೆ ಕಾಣುವ ಮೊದಲೇ ಹೈಡ್ರೇಟ್ ಇದೆ ಅಂತ ಹೇಳೋದು ಹೇಗೆ ಗೊತ್ತಾ? ಮತ್ತೆ ಸಂದಿ ನೀರು. ಹೆಪ್ಪುಗಟ್ಟುವಾಗ ನೀರು ಉಪ್ಪನ್ನ ಹೊರಗೆ ತಳ್ಳುತ್ತೆ. ಕೆಸರನ್ನ ಹಡಗಿಗೆ ತಂದಾಗ ಹೈಡ್ರೇಟ್ ಕರಗಿ ಸಿಹಿನೀರು ಬೆರೆಯುತ್ತೆ. ಹಿಂಡಿದ ನೀರಿನಲ್ಲಿ ಉಪ್ಪು ಇದ್ದಕ್ಕಿದ್ದಂತೆ ಕಡಿಮೆ ಬಂದರೆ, ಆ ಆಳದಲ್ಲಿ ಹೈಡ್ರೇಟ್ ಇತ್ತು. ಎಷ್ಟು ಕಡಿಮೆ ಅನ್ನೋದರಿಂದ ಎಷ್ಟಿತ್ತು ಅನ್ನೋದನ್ನೂ ಲೆಕ್ಕ ಹಾಕಬಹುದು. ಹಾಲಿಗೆ ನೀರು ಬೆರೆಸಿದ್ದನ್ನ ಡೈರಿಯವರು ಪತ್ತೆ ಹಚ್ಚೋ ಹಾಗೆ.

ಆ ಕೆಸರಿನಲ್ಲಿ ನಮ್ಮ ಕಡೆಯ ಮಣ್ಣಿದೆಯಾ? ನದಿ ಹೊತ್ತುಕೊಂಡು ಹೋಗೋದು ಅದನ್ನೇ. ಮಹಾಬಲೇಶ್ವರದಿಂದ ಹೊರಟ ಕೃಷ್ಣೆ ಡೆಕ್ಕನ್ ಟ್ರ್ಯಾಪ್ ಕಪ್ಪು ಕಲ್ಲಿನ ನಾಡು ದಾಟಿ, ಎರೆಮಣ್ಣಿನ ಜಿಗುಟು ಜೇಡಿಯನ್ನ ಹೊತ್ತು ತರುತ್ತೆ. ಸ್ಮೆಕ್ಟೈಟ್ ಅಂತ ಆ ಜೇಡಿಯ ಹೆಸರು. ಬೇಸಿಗೆಯಲ್ಲಿ ದೇವದುರ್ಗದ ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತಲ್ಲ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತಲ್ಲ, ಅದರದ್ದೇ ಕೆಲಸ. ಈ ಜೇಡಿಯ ಮೈಗೆ ಕರಗಿದ ಸಾವಯವ ಅಣುಗಳು ಅಂಟಿಕೊಳ್ಳೋದು ಜಾಸ್ತಿ. ಅಂಟಿದ್ದು ಸೂಕ್ಷ್ಮಜೀವಿಯ ಬಾಯಿಗೆ ಸುಲಭವಾಗಿ ಸಿಗೋದಿಲ್ಲ. ಹಾಗೆ ಎಷ್ಟೋ ಇಂಗಾಲ ಜೇಡಿಯ ಜೊತೆ ಸಮುದ್ರದವರೆಗೆ ಪ್ರಯಾಣ ಮಾಡಿ ಹೂತುಹೋಗುತ್ತೆ. ಅದೇ 2006ರ ಯಾತ್ರೆಯಲ್ಲಿ ಗೋದಾವರಿ ಮುಖದ ಎದುರು ತೆಗೆದ ಕೆಸರಿನಲ್ಲಿ ಉಳಿದಿದ್ದ ಗಿಡಗಳ ಎಲೆಯ ಮೇಣವನ್ನ ಪರೀಕ್ಷೆ ಮಾಡಿ, ಕಳೆದ ನಾಲ್ಕು ಸಾವಿರ ವರ್ಷಗಳಲ್ಲಿ ದಖ್ಖನ್ ಹೇಗೆ ಒಣಗುತ್ತಾ ಬಂತು, ಜೋಳ-ಸಜ್ಜೆಯ ಜಾತಿಯ ಒಣಹವೆ ಸಸ್ಯಗಳು ಹೇಗೆ ಹೆಚ್ಚಾದವು ಅಂತ 2012ರಲ್ಲಿ ಪ್ರಬಂಧವೇ ಬಂತು. ಮೇಣ ಕರಗಿದ ವಸ್ತುವಲ್ಲ, ನಿಜ, ಆದರೆ ಬಿಡೋಕೆ ಮನಸ್ಸಾಗಲಿಲ್ಲ.

ಈಗೀಗ ಆ ಪ್ರಯಾಣ ಅರ್ಧ ದಾರಿಯಲ್ಲೇ ನಿಲ್ಲುತ್ತೆ. ಹೂಳು ಅಣೆಕಟ್ಟಿನಲ್ಲಿ ಕೂರುತ್ತೆ. ತುಂಗಭದ್ರಾ ಜಲಾಶಯಕ್ಕೆ 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ 105 ಟಿಎಂಸಿ ಚಿಲ್ಲರೆ. ಉಳಿದ ಜಾಗದಲ್ಲಿ ಕೂತಿರೋದು ಹೂಳು. ನಮ್ಮಲ್ಲಿ ಹೂಳಿನ ಮಾತು ಬಂದಾಗಲೆಲ್ಲ ಚರ್ಚೆ ಆಗೋದು ಎಷ್ಟು ಟಿಎಂಸಿ ಹೋಯ್ತು, ನವಲಿ ಹತ್ತಿರ ಇನ್ನೊಂದು ಜಲಾಶಯ ಕಟ್ಟಬೇಕಾ ಬೇಡವಾ ಅಂತ. ಸರಿ, ಅದು ಬೇಕಾದ ಚರ್ಚೆ. ಆದರೆ ಆ ಹೂಳು ಸತ್ತ ಮಣ್ಣಲ್ಲ. ಅದರ ಸಂದಿ ನೀರಿನಲ್ಲೂ ಇದೇ ಹತ್ತಿ ಮಾರ್ಕೆಟ್ ನಡೀತಿರುತ್ತೆ. ಸಿಹಿನೀರು, ಸಲ್ಫೇಟ್ ಕಡಿಮೆ, ಹಾಗಾಗಿ ಸಮುದ್ರ ಸೇರಿದ್ದರೆ ಶಾಂತವಾಗಿ ಹೂತುಹೋಗಬಹುದಾಗಿದ್ದ ಇಂಗಾಲದ ಒಂದು ಪಾಲು ಇಲ್ಲಿ ಮೀಥೇನ್ ಆಗಬಹುದು.

ಸಮುದ್ರದ ಲೆಕ್ಕ ಸ್ವಲ್ಪ ಹೇಳಿಬಿಡ್ತೀನಿ, ಯಾಕಂದ್ರೆ ಅಂಕಿ ಕೇಳಿ ನನಗೇ ಆಶ್ಚರ್ಯ ಆಯ್ತು. ಆಳ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಕರಗಿದ ಸಾವಯವ ಇಂಗಾಲ ಸುಮಾರು ಅರ್ಧ ಮಿಲಿಗ್ರಾಂ. ಏನೂ ಇಲ್ಲ ಅನ್ನಿಸುತ್ತೆ. ಆದರೆ ಸಮುದ್ರ ಎಷ್ಟು ದೊಡ್ಡದು! ಎಲ್ಲಾ ಕೂಡಿಸಿದರೆ 660 ಬಿಲಿಯನ್ ಟನ್ ಹತ್ತಿರ. ಇಡೀ ವಾತಾವರಣದ ಕಾರ್ಬನ್ ಡೈಆಕ್ಸೈಡಿನಲ್ಲಿರುವ ಇಂಗಾಲಕ್ಕೆ ಹೋಲಿಸಬಹುದಾದ ಮೊತ್ತ. ತಳದ ಕೆಸರಿನ ಸಂದಿ ನೀರಿನಲ್ಲಿ ಇದರ ಸಾಂದ್ರತೆ ಹತ್ತು ಪಟ್ಟು, ಆಮ್ಲಜನಕ ಇಲ್ಲದ ಕಡೆ ಇನ್ನೂ ಎಷ್ಟೋ ಪಟ್ಟು ಹೆಚ್ಚು. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಸೋರೋದು ನಿಯಮ, ಹಾಗಾಗಿ ಸಮುದ್ರದ ತಳದಿಂದ ಮೇಲಿನ ನೀರಿಗೆ ಈ ಕಷಾಯ ಸದಾ ಜಿನುಗುತ್ತಾ ಇದೆ. ಜಗತ್ತಿನ ನದಿಗಳೆಲ್ಲ ತಂದು ಸುರಿಯುವ ಕರಗಿದ ಸಾವಯವ ಇಂಗಾಲಕ್ಕೆ ಹೋಲಿಸಬಹುದಾದಷ್ಟು ಅಂತ ಅಂದಾಜು.

ಅದಕ್ಕಿಂತ ವಿಚಿತ್ರ ಅದರ ವಯಸ್ಸು. ಆಳ ಸಮುದ್ರದ ಕರಗಿದ ಸಾವಯವ ಇಂಗಾಲಕ್ಕೆ ರೇಡಿಯೋಕಾರ್ಬನ್ ಲೆಕ್ಕದಲ್ಲಿ ಸರಾಸರಿ 4 ಸಾವಿರದಿಂದ 6 ಸಾವಿರ ವರ್ಷ. ಸುತ್ತ ಹಸಿದ ಸೂಕ್ಷ್ಮಜೀವಿಗಳು ಇದ್ದರೂ ಯಾರೂ ತಿನ್ನದೆ ಹೇಗೆ ಉಳೀತು? ಒಂದು ಉತ್ತರ: ರುಚಿಯಾದದ್ದನ್ನೆಲ್ಲ ತಿಂದು, ಕತ್ತರಿಸಿ, ಜೋಡಿಸಿ, ಮತ್ತೆ ತಿಂದು ಕೊನೆಗೆ ಉಳಿದದ್ದು ಯಾರ ಕಿಣ್ವಕ್ಕೂ ಬಗ್ಗದ ಚೂರುಪಾರು. ಇನ್ನೊಂದು ಉತ್ತರ: ಸಾವಿರಾರು ಬಗೆಯ ಅಣುಗಳಿವೆ, ಆದರೆ ಒಂದೊಂದೂ ಎಷ್ಟು ಕಡಿಮೆ ಅಂದ್ರೆ ಅದನ್ನ ಹುಡುಕಿ ತಿನ್ನೋ ಖರ್ಚು ಸಿಗೋ ಲಾಭಕ್ಕಿಂತ ಜಾಸ್ತಿ. ಬಿಕಾಂನವನಾದ ನನಗೆ ಎರಡನೆಯದು ತಕ್ಷಣ ಅರ್ಥವಾಯ್ತು. ನೂರು ಜನರ ಹತ್ತಿರ ಐದೈದು ರೂಪಾಯಿ ಬಾಕಿ ಇದ್ದರೆ ವಸೂಲಿಗೆ ಪೆಟ್ರೋಲ್ ಸುಡೋನು ಯಾರು? ವಿಜ್ಞಾನಿಗಳು ಎರಡರಲ್ಲೂ ಸತ್ಯ ಇದೆ ಅಂತಾರೆ, ಯಾವುದು ಎಷ್ಟು ಅಂತ ಇನ್ನೂ ವಾದ ನಡೀತಿದೆ.

ಇಲ್ಲೇ ಒಂದು ಎಚ್ಚರಿಕೆಯ ಮಾತು. ಬಾಂಗ್ಲಾದೇಶ, ಪಶ್ಚಿಮ ಬಂಗಾಳದ ಬಾವಿಗಳ ಆರ್ಸೆನಿಕ್ ಬಗ್ಗೆ ಕೇಳಿರ್ತೀರಿ. ಅಲ್ಲಿ ಕರಗಿದ ಸಾವಯವ ವಸ್ತು ತಿನ್ನುವ ಜೀವಿಗಳು ತುಕ್ಕಿನ ಕಬ್ಬಿಣವನ್ನ ಕರಗಿಸಿದಾಗ, ಅದಕ್ಕೆ ಅಂಟಿದ್ದ ಆರ್ಸೆನಿಕ್ ನೀರಿಗೆ ಬರುತ್ತೆ ಅನ್ನೋದು ಮುಖ್ಯ ವಿವರಣೆ. ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲೂ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿತ್ತು. ಎರಡನ್ನೂ ಒಂದೇ ಅಂತ ವಾಟ್ಸ್ಯಾಪಿನಲ್ಲಿ ಹರಿಬಿಡಬೇಡಿ. ನಮ್ಮ ಕಡೆ ಆರ್ಸೆನಿಕ್‌ನ ಮೂಲ ಚಿನ್ನ ಇರುವ ಹಳೆಯ ಶಿಲೆಗಳ ಪಟ್ಟಿ, ದಾರಿ ಬೇರೆ. ಹೆಸರು ಒಂದೇ ಆದ ಮಾತ್ರಕ್ಕೆ ಖಾತೆ ಒಂದೇ ಆಗಲ್ಲ.

ವಾಪಸ್ ದೊಡ್ಡಪ್ಪನ ಗದ್ದೆಗೆ. ಇಷ್ಟೆಲ್ಲ ಓದಿದಮೇಲೆ ನಾನು ಒಂದು ಥಿಯರಿ ಕಟ್ಟಿಕೊಂಡು ಗೆಳೆಯನ ಮುಂದೆ ಇಟ್ಟೆ: ಹಸಿ ಹುಲ್ಲು ಕೊಳೆತು ಅಸಿಟಿಕ್ ಆಮ್ಲ ಬಂತು, ಆಮ್ಲ ಬೇರು ಸುಟ್ಟಿತು. ಅವನು ನಕ್ಕ. "ಮಲೆನಾಡಿನ ಹುಳಿ ಮಣ್ಣಾಗಿದ್ದರೆ ಒಪ್ಪಬಹುದಿತ್ತು. ನಮ್ಮದು ಎರೆ, ಪಿಎಚ್ 8ರ ಮೇಲೆ. ನೀರು ನಿಲ್ಲಿಸಿದರೂ 7ರ ಆಸುಪಾಸು. ಆ ಪಿಎಚ್‌ನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ಅಸಿಟೇಟ್ ಆಗಿರುತ್ತೆ. ಬೇರಿಗೆ ವಿಷ ಆಗೋದು ಮುಖ್ಯವಾಗಿ ಬಿಡಿಯಾಗದ ಆಮ್ಲ. ನೀನು ನೈಟ್ರೋಜನ್ ಮರೆತಿದ್ದೀಯ."

ಅವನ ಲೆಕ್ಕ ಹೀಗೆ. ಭತ್ತದ ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಅರವತ್ತು ಎಪ್ಪತ್ತು ಪಾಲು ಇಂಗಾಲ. ಸೂಕ್ಷ್ಮಜೀವಿಯ ಮೈಯಲ್ಲಿ ಒಂದಕ್ಕೆ ಹತ್ತರ ಆಸುಪಾಸು. ಇಷ್ಟು ಇಂಗಾಲ ಒಮ್ಮೆಲೇ ಸಿಕ್ಕಾಗ ಅವು ಸಂಖ್ಯೆ ಹೆಚ್ಚಿಸಿಕೊಳ್ಳೋಕೆ ಬೇಕಾದ ಸಾರಜನಕವನ್ನ ಸಂದಿ ನೀರಿನಿಂದಲೇ ಎಳೆದುಕೊಳ್ಳುತ್ತವೆ. ಯೂರಿಯಾ ಹಾಕಿದರೂ ಮೊದಲ ಪಾಲು ಅವುಗಳಿಗೆ, ಸಸಿಗೆ ಉಳಿದರೆ ಉಂಟು. ಬಂಡವಾಳವೆಲ್ಲ ಸ್ಟಾಕಿನಲ್ಲಿ ಸಿಕ್ಕಿಬಿದ್ದು ದಿನದ ಖರ್ಚಿಗೆ ಕಾಸಿಲ್ಲದ ಅಂಗಡಿ. ಕೆಲವು ವಾರ ಆದಮೇಲೆ ಆ ಜೀವಿಗಳು ಸತ್ತು ಸಾರಜನಕ ವಾಪಸ್ ಬರುತ್ತೆ, ಆದರೆ ಆ ಕೆಲವು ವಾರವೇ ಸಸಿ ತೆನೆಗೆ ಬೇಕಾದ ಮರಿ ಒಡೆಯುವ ಸಮಯ. ಜೊತೆಗೆ ಆ ಗ್ಯಾಸ್, ಕಪ್ಪು ಬೇರು, ನಮ್ಮ ಎರೆಯಲ್ಲಿ ಮೊದಲೇ ಇರುವ ಸತುವಿನ ಕೊರತೆ. ಎಲ್ಲಾ ಸೇರಿದ ಹೊಡೆತ ಅಂತ ಅವನ ತೀರ್ಮಾನ.

ಅಂದ್ರೆ ಹುಲ್ಲು ಸುಡದೇ ಇದ್ದದ್ದು ತಪ್ಪಲ್ಲ. ಆರು ದಿನ ತಪ್ಪು. ಕೊಯ್ಲಾದ ಮೇಲೆ ಒಣ ಭೂಮಿಯಲ್ಲೇ ಹುಲ್ಲನ್ನ ಮಣ್ಣಿಗೆ ಸೇರಿಸಿದ್ದರೆ, ಬಿರುಕಿನೊಳಗೆ ಗಾಳಿ ಇಳಿದು, ಮಳೆಯ ತೇವಕ್ಕೆ ಆಮ್ಲಜನಕದ ಜೊತೆಯಲ್ಲೇ ಅರ್ಧ ಕೊಳೆತಿರುತ್ತಿತ್ತು. ಇಲ್ಲವೇ ರಾಡಿ ಮಾಡಿದ ಮೇಲೆ ನಾಟಿಗೆ ಎರಡು ಮೂರು ವಾರ ಬಿಡಬೇಕಿತ್ತು. ನನ್ನ ಎಪಿಸೋಡಿನಲ್ಲಿ "ಸುಡಬೇಡಿ" ಅಂತ ಇತ್ತು, "ಯಾವಾಗ ಹೂಳಬೇಕು" ಅಂತ ಇರಲಿಲ್ಲ. ದೊಡ್ಡಪ್ಪನಿಗೆ ಆ ಸಲ ಎಕರೆಗೆ ಏಳೆಂಟು ಚೀಲ ಕಡಿಮೆ ಬಂತು. ಅವರು ಅದನ್ನ ಹಬ್ಬದ ದಿನ ಎಲ್ಲರೆದುರು ಹೇಳಿದ್ದೂ ಉಂಟು.

ಇನ್ನೊಂದು ಉಪಾಯ ನೀರನ್ನೇ ನಡುನಡುವೆ ಆರಿಸೋದು. ಗದ್ದೆಯಲ್ಲಿ ತೂತು ಕೊರೆದ ಪೈಪ್ ಹೂಳಿ, ಒಳಗಿನ ನೀರಿನ ಮಟ್ಟ ಮಣ್ಣಿನಿಂದ 15 ಸೆಂಟಿಮೀಟರ್ ಕೆಳಗೆ ಹೋದಮೇಲೆ ಮಾತ್ರ ಮತ್ತೆ ನೀರು ಬಿಡಬೇಕು. ಹೂ ಬಿಡುವ ಸಮಯ ಬಿಟ್ಟು. ಆರಿದಾಗ ಕೆಸರಿಗೆ ಗಾಳಿ ಸೇರಿ ಒಳ್ಳೆ ರೇಟಿನ ಖರೀದಿದಾರ ವಾಪಸ್ ಬರ್ತಾನೆ, ಮೀಥೇನ್ ಸುಮಾರು ಅರ್ಧದಷ್ಟು ಕಡಿಮೆ. ನೈಟ್ರಸ್ ಆಕ್ಸೈಡ್ ಸ್ವಲ್ಪ ಜಾಸ್ತಿ ಆಗುತ್ತೆ, ಆದರೂ ಒಟ್ಟಾರೆ ಲಾಭವೇ. ನೀರೂ ಉಳಿಯುತ್ತೆ. ಕೇಳೋಕೆ ಕೊನೆ ಭಾಗದ ರೈತನಿಗೇ ಮಾಡಿಸಿದ ಹಾಗಿದೆ, ಅಲ್ವಾ?

ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ನೀರು ಆರಿಸಿದ್ಮ್ಯಾಲ ಕಾಲುವಿಗೆ ಮತ್ತ ನೀರು ಬರ್ತದಂತ ಯಾರು ಬರ್ಕೊಡ್ತಾರ?"

ಮೇಲಿನ ಕಡೆಯವರು ತುಂಬಿಸಿಕೊಂಡು ಉಳಿದರೆ ಮಾನ್ವಿಗೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯ್ತಲ್ಲ, ಮರುದಿನ ಬೆಳಿಗ್ಗೆ ನಮ್ಮ ಕಡೆ ಎಲ್ಲರೂ ಮಾಡಿದ್ದು ಒಂದೇ ಕೆಲಸ: ಸಿಕ್ಕಷ್ಟು ನೀರು ಗದ್ದೆಗೆ ನಿಲ್ಲಿಸಿಕೊಂಡರು. ನಿಂತ ನೀರೇ ಅವರ ಫಿಕ್ಸೆಡ್ ಡಿಪಾಸಿಟ್. ಮೀಥೇನ್ ಪುಸ್ತಕಗಳಲ್ಲಿ ಸೂಕ್ಷ್ಮಜೀವಿ, ಸಲ್ಫೇಟ್, ಅಸಿಟೇಟ್ ಎಲ್ಲಾ ಇದೆ, ಆದರೆ ನನ್ನ ಪ್ರಕಾರ ನಮ್ಮ ಗದ್ದೆಯ ಸಂದಿ ನೀರನ್ನ ನಿರ್ಧಾರ ಮಾಡೋದು ಮೊದಲು ಕಾಲುವೆಯ ತೂಬು, ಆಮೇಲೆ ಕೆಮಿಸ್ಟ್ರಿ. ದೇವದುರ್ಗದ ನಮ್ಮ ಸೋದರಮಾವನ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದಮೇಲೆ ಜೋಳ, ತೊಗರಿಯ ಹೊಲಗಳೂ ಒಂದೊಂದೇ ಗದ್ದೆ ಆಗ್ತಿವೆ. ಬಿರುಕಿನಲ್ಲಿ ಗಾಳಿ ಆಡ್ತಿದ್ದ ಮಣ್ಣು ಈಗ ನೀರಿನ ಕೆಳಗೆ ಉಸಿರು ಕಟ್ಟೋದನ್ನ ಕಲೀತಿದೆ.

ಈ ವರ್ಷ ದೊಡ್ಡಪ್ಪ ಅರ್ಧ ಹುಲ್ಲನ್ನ ಸೋದರಮಾವನ ದನಗಳಿಗೆ ಟ್ರ್ಯಾಕ್ಟರಿನಲ್ಲಿ ಕಳಿಸಿದರು, ಅರ್ಧವನ್ನ ಬೇಸಿಗೆಯಲ್ಲೇ ರೋಟಾವೇಟರ್ ಹೊಡೆದು ಮಣ್ಣಿಗೆ ಸೇರಿಸಿದರು. ಸಸಿ ಹಸಿರಾಗಿದೆ. ಒಂದು ಎಕರೆಯಲ್ಲಿ, ನನ್ನ ಹಟಕ್ಕೆ, ಪೈಪೂ ಹೂಳಿದ್ದಾರೆ.

ಮೊನ್ನೆ ಭಾನುವಾರ ಫೋನ್ ಮಾಡಿದ್ದರು. "ತಮ್ಮಾ, ಪೈಪಿನೊಳಗ ನೀರು ನಾಕು ಬೆರಳು ಕೆಳಗ ಹೋಗೇತಿ. ಇವತ್ತು ಕಾಲುವ್ಯಾಗ ನೀರು ಐತಿ. ಇನ್ನ ನಮ್ಮ ಪಾಳಿ ಗುರುವಾರ. ಬಿಡ್ಲೇನು, ಬ್ಯಾಡೇನು?"

ನಾಲ್ಕು ಬೆರಳು ಅಂದ್ರೆ ಏಳೆಂಟು ಸೆಂಟಿಮೀಟರ್. ಲೆಕ್ಕದ ಪ್ರಕಾರ ಇನ್ನೂ ಕಾಯಬಹುದು. ಗುರುವಾರದವರೆಗೆ ನೋಡ್ರಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

"ಬಿಡ್ರಿ ದೊಡ್ಡಪ್ಪ" ಅಂದೆ.